ಮುದಿ ಮೊಲಕ್ಕೆ ಬೇಬಿ ಡ್ರೈ ಶೀಟ್: ಎಂಟು ತಿಂಗಳು ಬಳಸಿ ನೋಡಿದ್ದು

"ಮಗುಗೆ ಎಷ್ಟು ತಿಂಗಳು ಮೇಡಂ?" ಬೆಂಗಳೂರಿನ ಡಿವಿಜಿ ರಸ್ತೆಯ ಮಕ್ಕಳ ಬಟ್ಟೆ ಅಂಗಡಿಯಲ್ಲಿ ಕೇಳಿದರು.

"ಒಂಬತ್ತು ವರ್ಷ" ಅಂದೆ.

ಮಗು ಉಚ್ಚೆ ಮಾಡಿದರೆ ಹಾಸಿಗೆ ಒದ್ದೆಯಾಗದ ಹಾಗೆ ಹಾಸುವ ಡ್ರೈ ಶೀಟು ಬಿಚ್ಚುತ್ತಿದ್ದ ಅಂಗಡಿಯಾಕೆ ಹಾಗೇ ನಿಂತರು. ಆಮೇಲೆ ದನಿ ತಗ್ಗಿಸಿ, "ದೊಡ್ಡ ಸೈಜೇ ತಗೊಳ್ಳಿ" ಅಂದರು. ಮೊಲಕ್ಕೆ ಅಂತ ಹೇಳಿದ ಮೇಲೆ ಜೋರಾಗಿ ನಕ್ಕು, ಕೇಳದೆಯೇ ಇಪ್ಪತ್ತು ರೂಪಾಯಿ ಬಿಟ್ಟರು.

ನಮ್ಮ ಮೊಲದ ಹೆಸರು ಕಡ್ಲೆ. 2015ರ ಕಡಲೆಕಾಯಿ ಪರಿಷೆಯ ವಾರ ಪಕ್ಕದ ಮನೆಯವರು ಮನೆ ಖಾಲಿ ಮಾಡುವಾಗ ನಮಗೆ ಕೊಟ್ಟು ಹೋದ ಮರಿ. ಸಾಕಿದ ಮೊಲ ಎಂಟರಿಂದ ಹನ್ನೆರಡು ವರ್ಷ ಬದುಕುತ್ತದೆ ಅಂತ ಆಗ ನಮಗೆ ಗೊತ್ತೇ ಇರಲಿಲ್ಲ. ಎರಡು ಮೂರು ವರ್ಷ ಇರಬಹುದು ಅಂದುಕೊಂಡಿದ್ದೆವು. ಕಳೆದ ದೀಪಾವಳಿ ಹೊತ್ತಿಗೆ ಅವನ ಹಿಂಗಾಲು ಎಳೆಯೋಕೆ ಶುರುವಾಯಿತು. ಪಟಾಕಿಗೆ ಹೆದರಿ ಎಲ್ಲೋ ಬಿದ್ದನೇನೋ ಅಂದುಕೊಂಡೆವು. ಎಕ್ಸ್‌ರೇಯಲ್ಲಿ ನೋಡಿದರೆ ಸೊಂಟದ ಹತ್ತಿರ ಬೆನ್ನುಮೂಳೆಯ ಗೆಣ್ಣುಗಳು ಒಂದಕ್ಕೊಂದು ಬೆಸೆದುಕೊಂಡಿದ್ದವು. ವಯಸ್ಸಿನ ಸಮಸ್ಯೆ. ಡಾಕ್ಟರು ತೂಕ ನೋಡಿ ನೋವಿಗೆ ಮೆಲಾಕ್ಸಿಕ್ಯಾಮ್ ಸಿರಪ್ ಬರೆದುಕೊಟ್ಟರು. ಅಮ್ಮ ತನ್ನ ಮಂಡಿನೋವಿನ ಎಣ್ಣೆ ಹಚ್ಚಲಾ ಅಂತ ಕೇಳಿದರು. ಬೇಡವೇ ಬೇಡ, ಮೈ ನೆಕ್ಕಿಕೊಂಡರೆ ಎಲ್ಲ ಹೊಟ್ಟೆಗೆ ಹೋಗುತ್ತದೆ ಅಂದರು ಡಾಕ್ಟರು. ಕೊನೆಗೆ, "ಔಷಧಿ ಇರಲಿ, ಮೊದಲು ನೆಲ ಸರಿ ಮಾಡಿ" ಅಂದರು.

ನಮ್ಮದು ಹನುಮಂತನಗರದ ಹಳೇ ಮನೆ. ಕೆಂಪು ರೆಡ್ ಆಕ್ಸೈಡ್ ನೆಲ, ಮೂವತ್ತು ವರ್ಷ ಒರೆಸಿ ಒರೆಸಿ ಕನ್ನಡಿ ಆಗಿದೆ. ನಾಯಿ ಬೆಕ್ಕಿನ ಹಾಗೆ ಮೊಲದ ಪಾದಕ್ಕೆ ಮೆತ್ತೆ ಇರುವುದಿಲ್ಲ, ಬರೀ ಕೂದಲು. ಕಾಲು ಗಟ್ಟಿ ಇದ್ದಾಗ ಹೇಗೋ ನಡೆಯಿತು. ಈಗ ಎದ್ದು ನಿಲ್ಲೋಕೆ ಹೋದರೆ ಎರಡೂ ಹಿಂಗಾಲು ಆಚೀಚೆ ಜಾರಿ ಹೊಟ್ಟೆ ನೆಲಕ್ಕೆ ಬಡಿಯುತ್ತದೆ. ಮಲಗಿದಲ್ಲೇ ಉಚ್ಚೆ. ಒದ್ದೆಯಲ್ಲೇ ಕೂತರೆ ಚರ್ಮ ಸುಟ್ಟ ಹಾಗೆ ಕೆಂಪಾಗಿ ಕೂದಲು ಉದುರುತ್ತದೆ, ಹಿಮ್ಮಡಿ ಹುಣ್ಣಾಗುತ್ತದೆ. ಅದಕ್ಕೇ ಈ ಶೀಟು.

ಮಧ್ಯಮ ಸೈಜು, ಒಂದು ಮೀಟರ್ ಉದ್ದ, ಎಪ್ಪತ್ತು ಸೆಂಟಿಮೀಟರ್ ಅಗಲ, 320 ರೂಪಾಯಿ. ಮೇಲೆ ಉಣ್ಣೆ ತರದ ಮೆತ್ತನೆ ಬಟ್ಟೆ, ಕೆಳಗೆ ನೀರು ಇಳಿಯದ ತೆಳು ಪದರ. ಯಾವ ಕಂಪನಿ ಅಂತ ಹೇಳಲ್ಲ, ಎರಡು ಬೇರೆ ಬೇರೆ ಕಂಪನಿಯದು ತಂದೆ, ಎರಡೂ ಅಷ್ಟೇ. ಪ್ಯಾಕೆಟ್ ಮೇಲೆ "ಕ್ಷಣದಲ್ಲಿ ಒಣ" ಅಂತ ಬರೆದಿದೆ. ನಿಜಾನಾ ಅಂತ ಒಂದು ರಾತ್ರಿ ಔಷಧಿ ಸಿರಿಂಜಿನಲ್ಲಿ ಅಳೆದು 30 ಎಂಎಲ್ ನೀರು ಸುರಿದು ನೋಡಿದೆ. ಐದು ನಿಮಿಷ ಬಿಟ್ಟು ಟಿಶ್ಯೂ ಇಟ್ಟು ಅಂಗೈಯಿಂದ ಒತ್ತಿದೆ. ಟಿಶ್ಯೂ ಪೂರ್ತಿ ಒದ್ದೆ. ಹೊರಳಾಡುವ ಮಗುವಿಗೆ ಇದು ಸಾಕಿರಬಹುದು. ನಾಲ್ಕು ಗಂಟೆ ಒಂದೇ ಕಡೆ ಭಾರ ಬಿಟ್ಟು ಕೂರುವ ಮೊಲಕ್ಕೆ ಸಾಲದು.

ಆಮೇಲೆ ಶೀಟಿನ ಮೇಲೆ ಫ್ಲೀಸ್ ಬ್ಲ್ಯಾಂಕೆಟ್ (ಮೆತ್ತನೆ ಪಾಲಿಯೆಸ್ಟರ್ ಹೊದಿಕೆ) ತುಂಡು ಹಾಕಿ ಅದೇ ಪರೀಕ್ಷೆ ಮಾಡಿದೆ. ಟಿಶ್ಯೂ ಮೇಲೆ ಸುಮ್ನೆ ಒಂದು ಮಸುಕು ಕಲೆ ಅಷ್ಟೇ. ಫ್ಲೀಸ್ ತಾನು ನೀರು ಹಿಡಿದಿಟ್ಟುಕೊಳ್ಳುವುದಿಲ್ಲ, ಕೆಳಗಿನದಕ್ಕೆ ದಾಟಿಸಿಬಿಡುತ್ತದೆ. ಹೊಸ ಫ್ಲೀಸನ್ನು ಮಾತ್ರ ಎರಡು ಮೂರು ಸಲ ಒಗೆದೇ ಬಳಸಬೇಕು, ಇಲ್ಲಾಂದರೆ ನೀರು ಮುತ್ತಿನ ಹಾಗೆ ಮೇಲೇ ನಿಲ್ಲುತ್ತದೆ. ಘಮ ಬರಲಿ ಅಂತ ಬಟ್ಟೆ ಮೆತ್ತಗಾಗುವ ಲಿಕ್ವಿಡ್ ಹಾಕಿದಿರೋ, ಕೆಲಸ ಕೆಟ್ಟಿತು. ಹೀರೋದೂ ಇಲ್ಲ, ದಾಟಿಸೋದೂ ಇಲ್ಲ.

ಈಗ ನಮ್ಮ ಹಾಲಿನ ಮೂಲೆಯ ವ್ಯವಸ್ಥೆ ಹೀಗಿದೆ. ನೆಲದ ಮೇಲೆ ಡ್ರಾಯರಿಗೆ ಹಾಸುವ ಜಾರದ ರಬ್ಬರ್ ಬಲೆ, ಅದರ ಮೇಲೆ ನಾಲ್ಕು ಮಡಿಕೆ ಹಳೇ ಜಮಖಾನ, ಅದರ ಮೇಲೆ ಡ್ರೈ ಶೀಟ್, ಎಲ್ಲಕ್ಕಿಂತ ಮೇಲೆ ಫ್ಲೀಸ್. ಈ ಹಾಸಿಗೆ ಹಾಕಿದ ದಿನ ಕಡ್ಲೆ ಎದ್ದು ನಿಂತು, ಎರಡು ಹೆಜ್ಜೆ ಹಾಕಿ, ಕಿವಿ ತೊಳೆದುಕೊಂಡ. ತಿಂಗಳ ಮೇಲಾಗಿತ್ತು ಅವನು ಬೀಳದೆ ಕಿವಿ ತೊಳೆದು.

ಶೀಟು ಎಷ್ಟೇ ಒಳ್ಳೆಯದಿದ್ದರೂ ಬೆಳಗಿನ ಕೆಲಸ ತಪ್ಪಿದ್ದಲ್ಲ. ಮೊಲ ಎರಡು ತರದ ಹಿಕ್ಕೆ ಹಾಕುತ್ತದೆ. ಒಂದು ಗುಂಡಗೆ ಒಣಗಿದ್ದು. ಇನ್ನೊಂದು ಮೆತ್ತಗೆ, ಕಪ್ಪುದ್ರಾಕ್ಷಿ ಗೊಂಚಲಿನ ಹಾಗೆ. ಈ ಎರಡನೆಯದನ್ನು ಬಗ್ಗಿ ಬಾಯಿಂದಲೇ ನೇರ ತೆಗೆದುಕೊಂಡು ತಿನ್ನುತ್ತದೆ, ಅದರಲ್ಲಿ ಬೇಕಾದ ಸತ್ವ ಇರುತ್ತದೆ. ಬೆನ್ನು ಬಗ್ಗದ ಕಡ್ಲೆಗೆ ಬಾಯಿ ಅಲ್ಲಿಗೆ ಮುಟ್ಟುವುದಿಲ್ಲ. ಎಲ್ಲ ಬಾಲಕ್ಕೆ ಮೆತ್ತಿಕೊಳ್ಳುತ್ತದೆ. ಆರೂವರೆಗೆ ಒಂದು ಕೈ ಎದೆಯ ಕೆಳಗೆ, ಒಂದು ಕೈ ಹಿಂಭಾಗಕ್ಕೆ ಕೊಟ್ಟು ಎತ್ತಿ ತೊಡೆ ಮೇಲೆ ಕೂರಿಸಿಕೊಳ್ಳುತ್ತೇನೆ. ಕಾರ್ನ್‌ಫ್ಲೋರ್ ಉದುರಿಸಿ ಎರಡು ನಿಮಿಷ ಬಿಟ್ಟರೆ ಜಿಗುಟು ಪುಡಿಪುಡಿ ಆಗುತ್ತದೆ, ಬೆರಳಿನಿಂದ ಕೂದಲು ಬಿಡಿಸುತ್ತಾ ಬಂದರೆ ಉದುರುತ್ತದೆ. ಟಾಲ್ಕಂ ಪೌಡರ್ ಬೇಡ, ಉಸಿರಾಟಕ್ಕೆ ಒಳ್ಳೆಯದಲ್ಲ. ಸ್ನಾನವಂತೂ ಬೇಡವೇ ಬೇಡ, ಹೆದರಿಕೆಗೂ ಚಳಿಗೂ ಮುದಿ ಮೊಲ ತಡೆಯುವುದಿಲ್ಲ. ಗಲೀಜು ಕೂದಲಿನಲ್ಲಿ ನೊಣ ಮೊಟ್ಟೆ ಇಟ್ಟರೆ ಒಂದೇ ದಿನದಲ್ಲಿ ಹುಳ ಆಗುತ್ತದೆ, ಚರ್ಮ ತಿನ್ನುತ್ತದೆ. ಮಳೆಗಾಲದಲ್ಲಿ ನಾನು ಸಂಜೆಯೂ ಒಂದು ಸಲ ಬಾಲ ಎತ್ತಿ ನೋಡುತ್ತೇನೆ. ಈ ಹೊತ್ತಿನಲ್ಲಿ ಅವನು ನನ್ನ ಮೊಣಕೈ ಸಂದಿಯಲ್ಲಿ ಮೂಗು ತೂರಿಸಿ, ಹಲ್ಲು ಮೆಲ್ಲಗೆ ಕಟಕಟ ಅನ್ನಿಸುತ್ತಾನೆ. ಅದು ಹಿತದ ಸದ್ದು. ಜೋರಾಗಿ ಕಡಿದರೆ ನೋವು ಅಂತ.

ಪೆಟ್ ಶಾಪ್ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಮಕ್ಕಳ ಅಂಗಡಿಗೆ ಹೋಗುವ ಮುಂಚೆ ಅಲ್ಲಿಗೇ ಹೋಗಿದ್ದೆ. ಉಚ್ಚೆ ಹಿಕ್ಕೆಗೆ ಅಂತ ಮೂಲೆಯಲ್ಲಿಡುವ ಟ್ರೇ ಕೊಟ್ಟರು, ಅದರ ಗೋಡೆ ಅರ್ಧ ಅಡಿ. ಕಾಲೆತ್ತಲಾಗದವನು ದಾಟುವುದು ಹೇಗೆ? ಗರಗಸ ತಂದು ಮುಂಭಾಗ ಕೊಯ್ದು, ಅಂಚಿಗೆ ಟೇಪ್ ಸುತ್ತಿದೆ. ಅದು ಬಿಡಿ. ಮೈ ತುರಿಸಿಕೊಳ್ಳುತ್ತಾನೆ ಅಂದಿದ್ದಕ್ಕೆ ನಾಯಿಗೆ ಹೊಡೆಯುವ ಚಿಗಟದ ಸ್ಪ್ರೇ ಕೈಗಿಟ್ಟು, "ಎಲ್ಲಾ ಪ್ರಾಣಿಗೂ ಆಗುತ್ತೆ ಮೇಡಂ" ಅಂದರು. ಡಬ್ಬಿ ಮೇಲೆ ಫಿಪ್ರೊನಿಲ್ ಅಂತ ಇತ್ತು. ಅದು ಮೊಲಕ್ಕೆ ವಿಷ. ಡಾಕ್ಟರಿಗೆ ಫೋಟೋ ಕಳಿಸಿ ಕೇಳಿದ್ದರಿಂದ ಬಚಾವಾದೆವು.

ಶೀಟಿನ ದೋಷಕ್ಕೆ ಬರುತ್ತೇನೆ. ಮೊದಲನೆಯದು, ಅಂಚು. ಮೂರನೇ ವಾರ ಕಡ್ಲೆ ಒಂದು ಮೂಲೆ ಕಡಿದು ಬಿಟ್ಟ. ಮೊಲದ ಹಲ್ಲು ಸಾಯುವ ತನಕ ಬೆಳೆಯುತ್ತದೆ, ಏನಾದರೂ ಅಗಿಯುತ್ತಿರಲೇಬೇಕು. ಆದರೆ ಪ್ಲಾಸ್ಟಿಕ್ ಪದರ ಕರುಳಿಗೆ ಹೋದರೆ ಗತಿ ಏನು? ಮೊಲಕ್ಕೆ ವಾಂತಿ ಮಾಡೋಕೆ ಬರುವುದಿಲ್ಲ. ಆ ರಾತ್ರಿ ನಿದ್ದೆ ಇಲ್ಲದೆ ಹಿಕ್ಕೆ ಎಣಿಸಿದೆ. ಬೆಳಿಗ್ಗೆ ಗಾಂಧಿಬಜಾರಿನಿಂದ ತಂದ ಗರಿಕೆ ಮುಂದಿಟ್ಟಾಗ ಗಬಗಬ ತಿಂದ, ಆಗ ಉಸಿರು ಬಂತು. (ಗಣೇಶನಿಗೆ ಇಪ್ಪತ್ತೊಂದು ಎಸಳು ಸಾಕು, ಇವನಿಗೆ ದಿನಕ್ಕೆ ಒಂದು ಕಟ್ಟು.) ಈಗ ಫ್ಲೀಸನ್ನು ನಾಲ್ಕೂ ಕಡೆ ಒಳಗೆ ಮಡಚಿ ಶೀಟು ಕಾಣದ ಹಾಗೆ ಮುಚ್ಚುತ್ತೇನೆ, ಪಕ್ಕದಲ್ಲಿ ಒಣಹುಲ್ಲಿನ ರಾಶಿ ಸದಾ ಇರುತ್ತದೆ.

ಎರಡನೆಯದು, ಬಿಸಿಲು. ಏಪ್ರಿಲ್‌ನಲ್ಲಿ ತಾರಸಿ ಮೇಲೆ ಒಣಗಿಸಿದ ಎರಡು ಶೀಟಿನ ಹಿಂಬದಿ ಹಪ್ಪಳದ ಹಾಗೆ ಬಿರುಕು ಬಿಟ್ಟಿತು. ತಪ್ಪು ನಂದೇ, ನೆರಳಲ್ಲಿ ಒಣಗಿಸಿ ಅಂತ ಲೇಬಲ್ ಮೇಲೆ ಸಾಸಿವೆಯಷ್ಟು ಅಕ್ಷರದಲ್ಲಿ ಬರೆದಿತ್ತು. ಮೂರನೆಯದು, ಕಲೆ. ಮೊಲದ ಉಚ್ಚೆಯಲ್ಲಿ ಸುಣ್ಣದ ಅಂಶ ಜಾಸ್ತಿ, ಒಣಗಿದರೆ ಬಿಳಿ ಪುಡಿ ಕಟ್ಟುತ್ತದೆ. ಒಗೆಯುವ ಮುಂಚೆ ಬಿಳಿ ವಿನೆಗರ್ ಬೆರೆಸಿದ ನೀರಿನಲ್ಲಿ ಅರ್ಧ ಗಂಟೆ ನೆನೆಸಿದರೆ ಬಿಡುತ್ತದೆ. ತಿಳಿ ಬಣ್ಣದ್ದು ತಗೋಬೇಡಿ.

ಒಟ್ಟಾರೆ ಐದಕ್ಕೆ ಮೂರೂವರೆ ಕೊಡುತ್ತೇನೆ. ಫ್ಲೀಸ್ ಇಲ್ಲದೆ ಬರೀ ಶೀಟಿಗೆ ಎರಡೇ. ಎರಡು ಶೀಟು ಸಾಕು ಅಂತ ಅಂಗಡಿಯಲ್ಲಿ ಹೇಳುತ್ತಾರೆ, ಸಾಲದು. ನಮ್ಮ ಬೀದಿಗೆ ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತದೆ, ಒಗೆಯುವುದೂ ಹಾಗೇ. ಈ ಮಳೆಯಲ್ಲಿ ಒಂದು ಶೀಟು ಒಣಗೋಕೆ ಎರಡು ದಿನ. ನನ್ನ ಹತ್ತಿರ ಈಗ ಐದಿವೆ, ನಾಲ್ಕು ಸದಾ ಹಗ್ಗದ ಮೇಲೆ. "ನನ್ನ ಸೀರೆ ಎಲ್ಲಿ ಒಣಹಾಕ್ಲಿ, ಕಡ್ಲೆ ತಲೆ ಮೇಲಾ?" ಅಂತ ಅಮ್ಮ ಇವತ್ತು ಬೆಳಿಗ್ಗೆಯೂ ಕೇಳಿದರು.