ಟಿ-34ಕ್ಕೆ ಬಳಿದ ಸುಣ್ಣ: ಉಪ್ಪೋ, ಸ್ಪಾಂಜೋ, ಹೇರ್‌ಸ್ಪ್ರೇಯೋ?

ಸುಣ್ಣದ ಗೋಡೆಗೆ ಒರಗಿ ಕೂತರೆ ಅಂಗಿಗೆಲ್ಲ ಬಿಳಿ ಮೆತ್ತಿಕೊಳ್ಳುತ್ತದೆ, ಅಲ್ವಾ? ಎರಡು ಮಳೆಗಾಲ ಕಳೆದರೆ ಅಲ್ಲಲ್ಲಿ ಹಕ್ಕಳೆ ಏಳುತ್ತದೆ. ಕೈ ತಾಗುವ ಕಡೆ ತೆಳ್ಳಗೆ ಸವೆದು ಹಳೆಯ ಬಣ್ಣ ಇಣುಕುತ್ತದೆ. ಎರಡನೇ ಮಹಾಯುದ್ಧದ ಟಿ-34ರಂಥ ಸೋವಿಯತ್ ಟ್ಯಾಂಕುಗಳ ಚಳಿಗಾಲದ ಬಿಳಿಯೂ ಹೆಚ್ಚುಕಡಿಮೆ ಹೀಗೇ. ಹಿಮದಲ್ಲಿ ಕಣ್ಣಿಗೆ ಬೀಳಬಾರದು ಅಂತ 4ಬಿಒ ಎಂಬ ಹಸಿರಿನ ಮೇಲೆ ಸುಣ್ಣವನ್ನೋ ಸೀಮೆಸುಣ್ಣವನ್ನೋ ಕಲಸಿ ಬಳಿಯುತ್ತಿದ್ದರು. ಚಳಿಗಾಲ ಮುಗಿಯುವವರೆಗೆ ಇದ್ದರೆ ಸಾಕಿತ್ತು.

ನಾನು ಮಾಡುತ್ತಿದ್ದದ್ದು 1/35 ಅಳತೆಯ ಟಿ-34/76 ಟ್ಯಾಂಕಿನ ಪ್ಲಾಸ್ಟಿಕ್ ಮಾಡೆಲ್, ಆರು ಮೂಲೆಯ ಟರೆಟ್ಟಿನದು (ಟರೆಟ್ ಅಂದರೆ ಮೇಲೆ ತಿರುಗುವ, ಫಿರಂಗಿ ಇರುವ ಭಾಗ). ಮನಸ್ಸಿನಲ್ಲಿದ್ದದ್ದು 1943ರ ಮಾರ್ಚ್, ಖಾರ್ಕಿವ್ ಸುತ್ತಮುತ್ತ ಹಿಮ ಕರಗಿ ನೆಲವೆಲ್ಲ ಕೆಸರಾಗುವ ಹೊತ್ತು. ಸುಣ್ಣ ಅರ್ಧ ಹೋಗಿರಬೇಕು, ಅರ್ಧ ಉಳಿದಿರಬೇಕು. ಒಳ್ಳೆಯ ಮಾಡೆಲ್ ಮೇಲೆ ಕೈ ಇಡುವ ಮೊದಲು ಒಂದು ಹಳೇ ಮಾಡೆಲ್ ಟ್ಯಾಂಕ್ ತೆಗೆದುಕೊಂಡು ಎಡಭಾಗಕ್ಕೆ ಉಪ್ಪು, ಬಲಭಾಗಕ್ಕೆ ಹೇರ್‌ಸ್ಪ್ರೇ, ಟರೆಟ್ಟಿಗೆ ಸ್ಪಾಂಜ್ ಅಂತ ಬಣ್ಣ ಸವೆದಂತೆ ಕಾಣಿಸುವ ಮೂರು ದಾರಿಗಳನ್ನೂ ಹಾಕಿ ನೋಡಿದೆ. ಎಲ್ಲ ಕಡೆಯೂ ಅದೇ ಹಸಿರು, ಅದೇ ಬಿಳಿ.

ಒಂದು ಲೆಕ್ಕ ಮೊದಲೇ ಹೇಳಿಬಿಡುತ್ತೇನೆ. ಈ ಅಳತೆಯಲ್ಲಿ 1 ಮಿ.ಮೀ. ಅಂದರೆ ನಿಜವಾದ ಟ್ಯಾಂಕಿನಲ್ಲಿ 3.5 ಸೆಂ.ಮೀ. ಮಾಡೆಲ್ ಮೇಲೆ ಸಣ್ಣ ಚುಕ್ಕೆಯಂತೆ ಕಾಣುವುದು ಅಲ್ಲಿ ಎರಡು ಬೆರಳಗಲದ ಗಾಯ.

ಉಪ್ಪಿನ ಕೆಲಸ ಸುಲಭ. ಹಸಿರಿನ ಮೇಲೆ ನೀರು ಸವರಿ, ಉಪ್ಪು ಉದುರಿಸಿ, ಒಣಗಿದ ಮೇಲೆ ಬಿಳಿ ಹೊಡೆದು, ಆಮೇಲೆ ಉಪ್ಪನ್ನು ಉಜ್ಜಿ ತೆಗೆಯುವುದು. ಕಲ್ಲುಪ್ಪನ್ನು ಕುಟ್ಟಾಣಿಯಲ್ಲಿ ಒಂದೆರಡು ಪೆಟ್ಟು ಕುಟ್ಟಿ, ಪುಡಿ ಉಪ್ಪಿನ ಜೊತೆ ಬೆರೆಸಿಕೊಂಡೆ. ದಪ್ಪ ಸಣ್ಣ ಎರಡೂ ಇದ್ದರೆ ಗುರುತುಗಳು ಒಂದೇ ಥರ ಆಗುವುದಿಲ್ಲ. ಆದರೆ 3 ಮಿ.ಮೀ.ನ ಒಂದು ಹರಳು ಉಳಿದುಕೊಂಡರೂ ಅಲ್ಲಿ ಅಂಗೈಯಷ್ಟು ಸುಣ್ಣ ಎದ್ದುಹೋದ ಹಾಗೆ ಕಾಣುತ್ತದೆ. ಇನ್ನೊಂದು ತೊಂದರೆ ನಮ್ಮ ಮಂಗಳೂರಿನ ಮಳೆಗಾಲದ್ದು. ಜುಲೈ ತಿಂಗಳಲ್ಲಿ ಡಬ್ಬಿಯೊಳಗಿನ ಉಪ್ಪೇ ನೀರು ಬಿಡುತ್ತದೆ, ಮಾಡೆಲ್ ಮೇಲಿನದು ಒಣಗುವುದು ಎಲ್ಲಿಂದ? ಒಂದು ದಿನ ಕಾದರೂ ಒದ್ದೆಯಾಗಿಯೇ ಇತ್ತು. ಕೊನೆಗೆ ಟೇಬಲ್ ಲ್ಯಾಂಪ್ ಹತ್ತಿರ ಇಟ್ಟು ಒಣಗಿಸಿದೆ. ಉಪ್ಪು ಉಜ್ಜಿದಾಗ ಬಂದ ಗುರುತುಗಳ ಅಂಚು ಕತ್ತರಿಸಿದ ಹಾಗೆ ಚೂಪಾಗಿತ್ತು. ತುಕ್ಕು ಹಿಡಿದ ತಗಡಿಗೆ ಅದು ಚೆಂದ. ಸುಣ್ಣ ಹಾಗೆ ಹೋಗುವುದಿಲ್ಲ.

ಸ್ಪಾಂಜಿನದು ತಿರುಗಾಮುರುಗಾ ದಾರಿ. ಮೊದಲು ಬಿಳಿ ಹೊಡೆದು, ಅದರ ಮೇಲೆ ಹಸಿರನ್ನು ಸ್ಪಾಂಜ್ ಚೂರಿನಲ್ಲಿ ಒತ್ತುತ್ತಾ ಹೋಗುವುದು. ಬಣ್ಣವನ್ನು ಮೊದಲು ಕಾಗದಕ್ಕೆ ಒತ್ತಿ, ಹೆಚ್ಚುಕಡಿಮೆ ಎಲ್ಲ ತೆಗೆದ ಮೇಲೆಯೇ ಮಾಡೆಲ್ ಮುಟ್ಟಬೇಕು. ಎಲ್ಲಿ ಬೇಕೋ ಅಲ್ಲೇ ಗುರುತು ಬೀಳುತ್ತದೆ, ಅದೇ ಇದರ ದೊಡ್ಡ ಲಾಭ. ಮುಚ್ಚಳದ ಅಂಚಿನಲ್ಲಿ ನಾಲ್ಕು ಚುಕ್ಕೆ ಬೇಕಾದರೆ ಇದಕ್ಕಿಂತ ಒಳ್ಳೆಯದು ಇಲ್ಲ. ಆದರೆ ಇಡೀ ಟರೆಟ್ಟಿಗೆ ಒತ್ತುತ್ತಾ ಹೋದರೆ ಕೈ ಒಂದೇ ಲಯಕ್ಕೆ ಬಂದುಬಿಡುತ್ತದೆ. ಅರ್ಧ ಗಂಟೆ ಬಿಟ್ಟು ನೋಡಿದರೆ ಟರೆಟ್ ತುಂಬ ಚಿರತೆಯ ಚುಕ್ಕೆ. ಬಿಳಿಯ ಮೇಲೆ ಹಸಿರು ಕೂತಿದೆ ಅನ್ನುವುದೂ ಹತ್ತಿರದಿಂದ ನೋಡಿದರೆ ಗೊತ್ತಾಗುತ್ತದೆ.

ಹೇರ್‌ಸ್ಪ್ರೇ ನನ್ನನ್ನು ಗೆದ್ದದ್ದು ಇಲ್ಲೇ. ಇದರಲ್ಲಿ ಹಸಿರು ನಿಜಕ್ಕೂ ಕೆಳಗಿದೆ, ಬಿಳಿ ನಿಜಕ್ಕೂ ಎದ್ದುಹೋಗುತ್ತದೆ. ಹಸಿರನ್ನು ಲ್ಯಾಕರ್ ಥಿನ್ನರ್‌ನಲ್ಲಿ (ಬಣ್ಣ ತೆಳ್ಳಗೆ ಮಾಡುವ ಖಾರವಾದ ದ್ರಾವಕ) ಕಲಸಿ ಹೊಡೆದು ಒಂದು ದಿನ ಬಿಡಬೇಕು, ಆಗ ಅದು ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಮೇಲೆ ಒಂದಡಿ ದೂರದಿಂದ ಹೇರ್‌ಸ್ಪ್ರೇ ಎರಡು ತೆಳು ಪದರ. ಅದು ಒಣಗಿದ ಮೇಲೆ ಅಕ್ರಿಲಿಕ್ ಬಿಳಿ, ಈ ಸಲ ನೀರಿನಲ್ಲಿ ಕಲಸಿದ್ದು. ಥಿನ್ನರ್ ಬದಲಾಯಿಸುವುದು ಮರೆತರೆ ಎಲ್ಲ ಕೆಡುತ್ತದೆ, ಯಾಕೆಂದರೆ ಲ್ಯಾಕರ್ ಥಿನ್ನರ್ ಹೇರ್‌ಸ್ಪ್ರೇಯನ್ನೇ ಕರಗಿಸಿ ಬಿಳಿಯನ್ನು ಹಸಿರಿಗೆ ಅಂಟಿಸಿಬಿಡುತ್ತದೆ. ಬಿಳಿಯನ್ನು ಒಂದೇ ಸಮ ಹೊಡೆಯಲಿಲ್ಲ. ಅಲ್ಲಲ್ಲಿ ಹಸಿರು ಮಬ್ಬಾಗಿ ಕಾಣುವಷ್ಟು ತೆಳ್ಳಗೆ ಬಿಟ್ಟೆ. ಅವಸರದಲ್ಲಿ ಬ್ರಷ್‌ನಿಂದ ಬಳಿದ ಸುಣ್ಣ ಹಾಗೇ ಇರುತ್ತದೆ.

ಅರ್ಧ ಗಂಟೆ ಕಾದು, ಉಗುರುಬೆಚ್ಚಗಿನ ನೀರು ಸವರಿದೆ. ಒಂದು ನಿಮಿಷ ಸುಮ್ನೆ ಕೂರಬೇಕು. ನೀರು ಬಿಳಿಯ ಪದರವನ್ನು ದಾಟಿ ಕೆಳಗಿನ ಹೇರ್‌ಸ್ಪ್ರೇಯನ್ನು ಮೆತ್ತಗೆ ಮಾಡುತ್ತದೆ. ಆಮೇಲೆ ಕೂದಲು ಗಿಡ್ಡ ಮಾಡಿದ ಬ್ರಷ್‌ನಿಂದ ಡ್ರೈವರ್ ಮುಚ್ಚಳದ ಸುತ್ತ ಉಜ್ಜಿದೆ. ಟಿ-34ರಲ್ಲಿ ಆ ಮುಚ್ಚಳ ಇರುವುದು ಮುಂಭಾಗದ ಇಳಿಜಾರು ತಗಡಿನಲ್ಲೇ. ಡ್ರೈವರ್ ದಿನಕ್ಕೆ ಎಷ್ಟು ಸಲ ಅದರ ಮೇಲೆ ಬೂಟು ಇಟ್ಟು ಹತ್ತಿರಬೇಡ! ಮೊದಲು ಬಿಳಿ ಹಾಲಿನಂತೆ ತೆಳುವಾಯಿತು. ಆಮೇಲೆ ಮುಚ್ಚಳದ ಅಂಚಿನಲ್ಲಿ ಒಂದು ಕೂದಲೆಳೆಯ ಹಸಿರು ಕಂಡಿತು. ಇನ್ನೆರಡು ಸಲ ಉಜ್ಜಿದಾಗ ಬೆರಳ ತುದಿಯಷ್ಟು ಜಾಗ ಮಾಸಿ, ಅಂಚಿನಲ್ಲಿ ಬಿಳಿ ಪುಡಿಪುಡಿಯಾಗಿ ಉಳಿಯಿತು. ಅದು ಥೇಟ್ ಗೋಡೆಯ ಸುಣ್ಣ. ಉಪ್ಪಿನಲ್ಲೂ ಸ್ಪಾಂಜಿನಲ್ಲೂ ಆ ಮಾಸಲು ಅಂಚು ನನಗೆ ಸಿಗಲೇ ಇಲ್ಲ.

ಇದರಲ್ಲೂ ಎಡವಿದ್ದೇನೆ. ಹೇರ್‌ಸ್ಪ್ರೇ ದಪ್ಪವಾದ ಕಡೆ ಬಿಳಿ ಒಡೆದ ಕೆರೆಯಂಗಳದಂತೆ ಬಿರುಕು ಬಿಟ್ಟಿತು. ಇನ್ನೊಂದು ಸಲ ಬೇರೆ ಥರದ ಅಕ್ರಿಲಿಕ್ ಬಿಳಿ ಹಾಕಿದ್ದೆ, ಒಣಗಿದರೆ ರಬ್ಬರಿನಂತೆ ಎಳೆಯುವ ಜಾತಿ. ಬ್ರಷ್ ತಾಗಿದ್ದೇ ತಡ, ಮುಂಭಾಗದ ಬಿಳಿಯೆಲ್ಲ ಹಾಲಿನ ಕೆನೆಯಂತೆ ಒಟ್ಟಿಗೇ ಎದ್ದುಬಂತು. ಹಾಗಾಗಿ ಯಾವ ಬಿಳಿಯಾದರೂ ಮೊದಲು ಪ್ಲಾಸ್ಟಿಕ್ ಚಮಚದ ಮೇಲೆ ಹಾಕಿ ನೋಡಿ. ಹೇರ್‌ಸ್ಪ್ರೇ ಬದಲು ಇದೇ ಕೆಲಸಕ್ಕೆಂದು ಬಾಟಲಿಯಲ್ಲಿ ಬರುವ ಚಿಪ್ಪಿಂಗ್ ದ್ರವವನ್ನೂ ಒಮ್ಮೆ ಬಳಸಿದೆ. ಏರ್‌ಬ್ರಷ್‌ನಲ್ಲಿ (ಗಾಳಿಯಿಂದ ಬಣ್ಣ ಸಿಂಪಡಿಸುವ ಪುಟ್ಟ ಉಪಕರಣ) ಹೊಡೆಯಬಹುದು, ಪದರ ಹಿಡಿತದಲ್ಲಿರುತ್ತದೆ. ಬಂದ ಗುರುತು ಮಾತ್ರ ಹೇರ್‌ಸ್ಪ್ರೇಯದ್ದೇ, ಬೆಲೆ ಜಾಸ್ತಿ.

ಒಳ್ಳೆಯ ಮಾಡೆಲ್‌ಗೆ ಹೇರ್‌ಸ್ಪ್ರೇಯನ್ನೇ ಹಾಕಿದೆ. ಮುಗಿದ ಮೇಲೆ ಲ್ಯಾಕರ್ ಮ್ಯಾಟ್ ವಾರ್ನಿಶ್ ಹೊಡೆದು ಮುಚ್ಚಿದೆ, ಇಲ್ಲದಿದ್ದರೆ ಮುಂದಿನ ಕೆಲಸದಲ್ಲಿ ನೀರು ತಾಗಿದರೆ ಮತ್ತೆ ಏಳುತ್ತದೆ. ಟರೆಟ್ ಮುಚ್ಚಳದ ತುದಿಗೂ, ಮೇಲೆ ಕೂತು ಹೋಗುತ್ತಿದ್ದ ಸೈನಿಕರು ಹಿಡಿಯುತ್ತಿದ್ದ ಹಿಡಿಕೆಗಳಿಗೂ ಸ್ಪಾಂಜಿನಿಂದ ಏಳೆಂಟು ಚುಕ್ಕೆ ಸೇರಿಸಿದೆ, ಅಷ್ಟೇ. ಉಪ್ಪಿನ ಡಬ್ಬಿಗೆ ಈ ಟ್ಯಾಂಕಿನಲ್ಲಿ ಕೆಲಸ ಸಿಕ್ಕಿದ್ದು ಹಿಂಭಾಗದ ಎರಡು ಹೊಗೆ ಕೊಳವೆಗಳ ಮೇಲೆ ಮಾತ್ರ. ಅಲ್ಲಿ ತುಕ್ಕು ಬೇಕಿತ್ತು, ಚೂಪು ಅಂಚೂ ಬೇಕಿತ್ತು. ಚಕ್ರಗಳನ್ನು ನಾನು ಉಜ್ಜಲೇ ಇಲ್ಲ, ಮಾರ್ಚ್ ತಿಂಗಳ ಕೆಸರು ಅದನ್ನೆಲ್ಲ ಮುಚ್ಚುತ್ತದೆ.