ಸ್ಕ್ಯಾನಿಗೆ ಮುಂಚಿನ ಪ್ರಶ್ನೆಗಳು: ಹಾಸನದ ಒಂದು ತುರ್ತು ಚಿಕಿತ್ಸಾ ಘಟಕದ ಅನುಭವ

ಕಳೆದ ಕಾಫಿ ಕೊಯ್ಲಿನ ಸಮಯದಲ್ಲಿ, ಎರಡು ವಾರಗಳ ಅಂತರದಲ್ಲಿ, ಹಾಸನದ ಒಂದೇ ಖಾಸಗಿ ಆಸ್ಪತ್ರೆಯ ತುರ್ತು ಚಿಕಿತ್ಸಾ ಘಟಕಕ್ಕೆ ತಲೆನೋವಿನ ಇಬ್ಬರನ್ನು ಕರೆದೊಯ್ಯಬೇಕಾಯಿತು. ಒಬ್ಬರಿಗೆ ಸಿ.ಟಿ. ಸ್ಕ್ಯಾನ್ ಬೇಡವೆಂದರು, ಇನ್ನೊಬ್ಬರಿಗೆ ತಡಮಾಡದೆ ಮಾಡಿಸಿದರು. ಎರಡೂ ಸರಿಯಾದ ತೀರ್ಮಾನಗಳೇ ಎಂದು ನಾನು ನಂಬುತ್ತೇನೆ.

ಮೊದಲು ಹೋದದ್ದು ತಂಗಿಯೊಂದಿಗೆ. ಅವಳಿಗೆ ಕಾಲೇಜಿನ ದಿನಗಳಿಂದಲೂ ಮೈಗ್ರೇನ್ ಇದೆ. ನೋವು ಹಿಂದಿನ ಬಗೆಯದೇ, ಜ್ವರವಿದೆಯೇ, ಕೈಕಾಲು ಸೋಲುತ್ತಿವೆಯೇ, ಗರ್ಭಿಣಿಯೇ ಎಂದು ಕೇಳಿದ ವೈದ್ಯರು, ಕಣ್ಣಿನ ಪಾಪೆ ನೋಡಿ, ಕತ್ತು ಬಾಗಿಸಿ, ನಾಲ್ಕು ಹೆಜ್ಜೆ ನಡೆಸಿದ ಮೇಲೆ ಚುಚ್ಚುಮದ್ದು ಕೊಟ್ಟು ಕತ್ತಲೆ ಕೋಣೆಯಲ್ಲಿ ಮಲಗಿಸಿದರು. ಸ್ಕ್ಯಾನ್ ಮಾಡಲೇಬೇಕೆಂದು ಹಟ ಹಿಡಿದವನು ನಾನು. ಹಳೆಯ ಬಗೆಯ ನೋವು ಮತ್ತು ಸಹಜವಾದ ನರಪರೀಕ್ಷೆ ಇರುವಾಗ ಸ್ಕ್ಯಾನಿನಲ್ಲಿ ಹೊಸದೇನಾದರೂ ಸಿಗುವುದು ಅಪರೂಪವೆಂದೂ, ಅದರ ವಿಕಿರಣ ಸುಮಾರು 2 ಮಿಲಿಸೀವರ್ಟ್ ಇದ್ದು, ಅಪಾಯ ಚಿಕ್ಕದಾದರೂ ಸುಮ್ಮನೆ ತಗಲಿಸಿಕೊಳ್ಳಬಾರದೆಂದೂ ಅವರು ಕುಳಿತು ತಿಳಿಹೇಳಿದರು.

ಸಕಲೇಶಪುರದ ಚಿಕ್ಕಪ್ಪನ ವಿಷಯ ಬೇರೆ. ಕಾಫಿ ಮೂಟೆ ಎತ್ತುತ್ತಿದ್ದಾಗಲೇ ತಲೆ ಸಿಡಿದಂತಾಗಿ ಕುಸಿದು ಕುಳಿತರು, ಕತ್ತೂ ನೋಯುತ್ತಿತ್ತು. ನೋವು ಶುರುವಾದದ್ದು ಎಷ್ಟು ಗಂಟೆಗೆ ಎಂಬುದೇ ವೈದ್ಯರ ಮೊದಲ ಪ್ರಶ್ನೆ. ಒಂದು ಗಂಟೆಯೊಳಗೆ ತೀವ್ರತೆಯ ತುದಿ ಮುಟ್ಟುವ ಹೊಸ ತಲೆನೋವಿಗೆ ಒಟ್ಟಾವಾ ನಿಯಮವೆಂಬ ಸೂತ್ರವಿದೆ: ವಯಸ್ಸು 40 ಅಥವಾ ಅದಕ್ಕಿಂತ ಹೆಚ್ಚು, ಕತ್ತುನೋವು ಅಥವಾ ಬಿಗಿತ, ಯಾರಾದರೂ ಕಂಡ ಪ್ರಜ್ಞಾಹೀನತೆ, ಶ್ರಮದ ನಡುವೆ ಆರಂಭ, ಸಿಡಿಲಿನಂತೆ ಎರಗಿದ ನೋವು, ಕತ್ತು ಬಾಗಿಸಲಾಗದಿರುವುದು. ಇವುಗಳಲ್ಲಿ ಒಂದಿದ್ದರೂ ಮಿದುಳಿನ ಹೊದಿಕೆಯಡಿಯ ರಕ್ತಸ್ರಾವದ ತನಿಖೆಯನ್ನು ಕೈಬಿಡುವಂತಿಲ್ಲ. ಚಿಕ್ಕಪ್ಪನಿಗೆ ನಾಲ್ಕಿದ್ದವು. ಆರು ಗಂಟೆಯೊಳಗೆ ತೆಗೆದ, ಪರಿಣತರು ಓದಿದ ಸಿ.ಟಿ.ಯನ್ನು ಬಹುಮಟ್ಟಿಗೆ ನಂಬಬಹುದು. ಆ ಅವಧಿ ಮೀರಿದರೆ ಬೆನ್ನುಹುರಿಯ ದ್ರವದ ಪರೀಕ್ಷೆ ಅಥವಾ ರಕ್ತನಾಳಗಳ ಚಿತ್ರವೂ ಬೇಕಾಗಬಹುದು. ನಾವು ತಲುಪಿದ್ದು ಎರಡನೆಯ ಗಂಟೆಯಲ್ಲಿ. ರಕ್ತಸ್ರಾವವಿರಲಿಲ್ಲ, ಆದರೂ ಆ ಸ್ಕ್ಯಾನ್ ವ್ಯರ್ಥವಾಯಿತೆಂದು ನಾನು ಒಪ್ಪುವುದಿಲ್ಲ.

ಕೊರತೆಗಳೂ ಇವೆ. ಸ್ಕ್ಯಾನಿನ ದರವನ್ನು ಎರಡು ಬಾರಿ ಕೇಳಿದ ಮೇಲೆ ಹೇಳಿದರು. ಅದಕ್ಕಿಂತ ದೊಡ್ಡದು, ಮನೆಗೆ ಕಳಿಸುವಾಗ ಕೊಟ್ಟ ಹಾಳೆ ಪೂರ್ತಿ ಇಂಗ್ಲಿಷಿನಲ್ಲಿತ್ತು. ವಾಂತಿ ನಿಲ್ಲದಿದ್ದರೆ, ಮಾತು ತೊದಲಿದರೆ, ಮಂಪರು ಹೆಚ್ಚಿದರೆ ಕೂಡಲೇ ಮರಳಿ ಬನ್ನಿ ಎಂಬ ಆ ಸಾಲುಗಳನ್ನು ಚಿಕ್ಕಮ್ಮನಿಗೆ ನಾನೇ ಕನ್ನಡದಲ್ಲಿ ಬರೆದುಕೊಡಬೇಕಾಯಿತು.