ಬಸುರಿಗೆ ಮೆಥಡೋನೋ, ಬ್ಯುಪ್ರೆನಾರ್ಫಿನೋ?

ಓಪಿಯಾಯ್ಡ್ (ಹೆರಾಯಿನ್, ಮಾರ್ಫಿನ್‌ನಂಥ ಅಫೀಮು ಜಾತಿಯ ಮದ್ದು) ಚಟವಿರುವ ಹೆಣ್ಣು ಬಸುರಿಯಾದರೆ ಮನೆಯವರ ಮೊದಲ ಮಾತು: "ಇವತ್ತೇ ಬಿಟ್ಟುಬಿಡು." ಅಪಾಯ ಇರುವುದೇ ಅಲ್ಲಿ. ಬಿಟ್ಟಮೇಲೆ ದೇಹದ ತಾಳಿಕೆ ಬೇಗ ಇಳಿಯುತ್ತದೆ. ಮನಸೋತು ಮತ್ತೆ ಹಳೇ ಅಳತೆಯಲ್ಲೇ ತೆಗೆದುಕೊಂಡರೆ ಉಸಿರೇ ನಿಲ್ಲಬಹುದು. ಅಮೆರಿಕದ ಪ್ರಸೂತಿ ತಜ್ಞರ ಸಂಘ ಹಠಾತ್ ನಿಲ್ಲಿಸುವುದಕ್ಕಿಂತ ಔಷಧ ಚಿಕಿತ್ಸೆಯನ್ನೇ ಸೂಚಿಸುತ್ತದೆ. ಚಟದ ವಸ್ತುವಿನ ಬದಲು ವೈದ್ಯರ ನಿಗಾದಲ್ಲಿ ಕೊಡುವ ಓಪಿಯಾಯ್ಡ್‌ಗಳೇ ಮೆಥಡೋನ್ ಮತ್ತು ಬ್ಯುಪ್ರೆನಾರ್ಫಿನ್.

ಅಮೆರಿಕದಲ್ಲಿ ಮೆಥಡೋನ್ ಬೇಕೆಂದರೆ ವಿಶೇಷ ಕ್ಲಿನಿಕ್ಕಿಗೆ ಅಲೆಯಬೇಕು, ಶುರುವಿನಲ್ಲಂತೂ ಹೆಚ್ಚುಕಡಿಮೆ ದಿನವೂ. ವಾಂತಿ, ಸುಸ್ತಿನ ನಡುವೆ ಇದು ಸಣ್ಣ ಕಷ್ಟವಲ್ಲ. ಮದ್ಯ ಅಥವಾ ನಿದ್ದೆಮಾತ್ರೆ ಜೊತೆಯಾದರೆ ಉಸಿರಿಗೆ ಕುತ್ತು. ತಿಂಗಳು ತುಂಬುತ್ತ ಬಂದಂತೆ ದೇಹ ಅದನ್ನು ಬೇಗ ಕರಗಿಸುವುದರಿಂದ ಡೋಸ್ ಏರಿಸಬೇಕಾಗಬಹುದು, ಇಲ್ಲವೇ ದಿನಕ್ಕೆರಡು ಸಲ ಹಂಚಬೇಕಾಗಬಹುದು.

ಬ್ಯುಪ್ರೆನಾರ್ಫಿನ್ ನಾಲಿಗೆಯಡಿ ಇಡುವ ಔಷಧ, ಮನೆಯಲ್ಲೇ ಆಗುತ್ತದೆ. ಉಸಿರು ಕುಗ್ಗಿಸುವ ಗುಣಕ್ಕೆ ಒಂದು ಮಿತಿಯಿದೆ. ಹಾಗಂತ ಮದ್ಯದೊಂದಿಗೆ ಇದೂ ಸುರಕ್ಷಿತವಲ್ಲ. ವಿತ್‌ಡ್ರಾವಲ್ ಲಕ್ಷಣ (ಚಟದ ವಸ್ತು ಸಿಗದಾಗಿನ ಬೆವರು, ನಡುಕ, ಮೈನೋವು) ಕಾಣುವ ಮೊದಲೇ ಶುರುಮಾಡಿದರೆ ನರಳಾಟ ಹೆಚ್ಚಬಹುದು. 2010ರಲ್ಲಿ ಪ್ರಕಟವಾದ 'ಮದರ್' ಅಧ್ಯಯನ ಈ ಎರಡನ್ನೂ ಹೋಲಿಸಿತು; ಬ್ಯುಪ್ರೆನಾರ್ಫಿನ್ ಗುಂಪಿನ ಶಿಶುಗಳ ವಿತ್‌ಡ್ರಾವಲ್ ತಣಿಸಲು ಕಡಿಮೆ ಮಾರ್ಫಿನ್ ಸಾಕಾಯಿತು, ಮನೆಗೂ ಬೇಗ ಹೋದವು. ಆದರೆ ನಡುವೆ ಬಿಟ್ಟುಹೋದ ತಾಯಂದಿರು ಇಲ್ಲಿ ಶೇ. 33, ಮೆಥಡೋನ್ ಗುಂಪಿನಲ್ಲಿ ಶೇ. 18.

ನನ್ನ ಲೆಕ್ಕದಲ್ಲಿ ಆ ಕೊನೆಯ ಅಂಕಿಯೇ ಭಾರ. ಮೆಥಡೋನ್‌ನಲ್ಲಿ ನೆಮ್ಮದಿಯಾಗಿರುವವಳು ಬದಲಾಯಿಸುವ ಗೋಜಿಗೆ ಹೋಗಬೇಕಿಲ್ಲ. ಹೊಸಬಳಾದರೆ, ಕ್ಲಿನಿಕ್ ದೂರವಿದ್ದರೆ, ಬ್ಯುಪ್ರೆನಾರ್ಫಿನ್ ಬಗ್ಗೆ ಮೊದಲು ವೈದ್ಯರನ್ನು ಕೇಳಲಿ.

ಯಾವುದೇ ಆಗಲಿ, ಮನೆಯಲ್ಲಿ ನಲೋಕ್ಸೋನ್ ಸ್ಪ್ರೇ (ಓಪಿಯಾಯ್ಡ್ ಅತಿಯಾದಾಗ ಅದನ್ನು ತಡೆಯಲು ಮೂಗಿಗೆ ಹಾಕುವ ಮದ್ದು) ಇರಲಿ. 2023ರಿಂದ ಅಮೆರಿಕದಲ್ಲಿ ಚೀಟಿಯಿಲ್ಲದೆ ಸಿಗುತ್ತದೆ. ಉಸಿರು ನಿಂತಾಗ ಬಸುರಿಯೆಂದು ಹಿಂಜರಿಯದೆ ಕೊಟ್ಟು ಅಲ್ಲಿನ ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಬೇಕು. ಹೆರಿಗೆಯಾದೊಡನೆ ಔಷಧ ನಿಲ್ಲಿಸುವಂತಿಲ್ಲ: ಮ್ಯಾಸಚೂಸೆಟ್ಸ್‌ನ ದಾಖಲೆಗಳಲ್ಲಿ ಓವರ್‌ಡೋಸ್ ಹೆಚ್ಚು ಕಂಡದ್ದು ಮಗುವಿಗೆ 7ರಿಂದ 12 ತಿಂಗಳಾಗಿದ್ದಾಗ.